ಜೀಪಿನ ಮೂತಿ

ನಮ್ಮ ಮನೆಯಲ್ಲಿ ಗ್ರಿಲ್ ಅನ್ನೋ ಪದ ಕಿಟಕಿಗೆ ಮಾತ್ರ. ಜೀಪಿನ ಮುಂದೆ ಇರೋದು ಮೂತಿ. “ಮೂತಿಯೆಲ್ಲ ಕೆಸರು, ಒಂಚೂರು ಪೈಪ್ ಬಿಡು” ಅನ್ನುತ್ತಾರೆ ಅಪ್ಪ. ಆಯುಧಪೂಜೆ ದಿನ ಕುಂಕುಮ ಹಚ್ಚೋದು, ಬಾಳೆಕಂದು ಕಟ್ಟೋದು ಎಲ್ಲ ಮೂತಿಗೇ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೂತಿಯ ಎಡಗಡೆ ಕೆಳಮೂಲೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಉಗುರಿನಲ್ಲಿ ಕೆರೆದೆ. ಅಂಗೈ ಅಗಲದ ಒಂದು ಚಕ್ಕೆ ಕೈಗೇ ಬಂತು. ಕೆಳಗೆ ಬರೀ ತುಕ್ಕು. ಕಾಫಿ ಕೊಯ್ಲು ಮುಗಿಯಲಿ, ಫೆಬ್ರವರಿಯಲ್ಲಿ ನೋಡಿಕೊಳ್ಳೋಣ ಅಂತ ಸುಮ್ಮನಾದೆ.

ನಮ್ಮದು ಮೂಡಿಗೆರೆ ಕಡೆಯ ತೋಟ. ಜೀಪು ಹಳೇ ಮಹೀಂದ್ರಾ ಸಿಜೆ3ಬಿ. ಚಪ್ಪಟೆ ಮಡ್‌ಗಾರ್ಡು, ಎತ್ತರದ ಬಾನೆಟ್ಟು. ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಕೂರಿಸಿ ಎಷ್ಟೋ ವರ್ಷವಾಯಿತು. ಮೈ ಕೆಂಪು, ಮೂತಿ ಕಪ್ಪು. ಈ ಜೀಪಿನ ಬಗ್ಗೆ ಅಪ್ಪ ಎರಡು ಮಾತು ಯಾವಾಗಲೂ ಹೇಳುತ್ತಾರೆ. ಒಂದು, ಇದು ಮಿಲಿಟರಿ ಹರಾಜಿನಲ್ಲಿ ಹಿಡಿದ ಗಾಡಿ. ಎರಡು, ಇದು ಇವತ್ತಿನವರೆಗೆ ಎಲ್ಲಿಗೂ ಗುದ್ದಿಲ್ಲ. ಮೂತಿ ಮಾತ್ರ ಯಾಕೆ ಕಪ್ಪು ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. “ಕಪ್ಪಿದ್ರೆ ಗತ್ತು” ಅಂದಿದ್ದರು.

ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ಕಾರಣ ಅಣ್ಣನ ಮಗ. ಅವನ ಹತ್ತಿರ 2020ರ ನಂತರದ ಹೊಸ ಥಾರ್ ಇದೆ. ಅದರ ಗ್ರಿಲ್ ತೆಗೆದು ಅರ್ಧ ಗಂಟೆಯಲ್ಲಿ ಬೇರೆ ಹಾಕಿದ್ದನ್ನು ವಿಡಿಯೊ ಮಾಡಿ ಕಳಿಸಿದ್ದ. ಹೆಡ್‌ಲೈಟಿನ ಮೇಲೆ ಹುಬ್ಬು ಗಂಟಿಕ್ಕಿದ ಹಾಗೆ ಕಾಣುವ ಪ್ಲಾಸ್ಟಿಕ್ ಗ್ರಿಲ್ ಬರುತ್ತಲ್ಲ, ಅದು. “ಅತ್ತೆ, ನಿಮ್ಮದಕ್ಕೂ ಒಂದು ತರಿಸಲಾ?” ಅಂದ. ನನಗೇನೋ ಆ ಸಿಟ್ಟಿನ ಮುಖ ಹಿಡಿಸುವುದಿಲ್ಲ. ದುಂಡು ಕಣ್ಣಿನ ಗಾಡಿ ಬೆರಗಾಗಿ ನೋಡಬೇಕು, ಯಾರ ಮೇಲೆ ಸಿಟ್ಟು ಅದಕ್ಕೆ? ಹಾಗಂತ ಅವನಿಗೆ ಹೇಳಲಿಲ್ಲ. ನಮ್ಮದಕ್ಕೆ ಕೂರೋದಿಲ್ಲ ಅಂತ ಹೇಳಿ ತಪ್ಪಿಸಿಕೊಂಡೆ.

ಕೂರೋದಿಲ್ಲ ಅನ್ನೋದು ನಿಜವೂ ಹೌದು. ಅವನ ಗಾಡಿಯಲ್ಲಿ ಗ್ರಿಲ್ ಅಂದರೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಮುಖವಾಡ. ತೆಗೆದರೂ ಗಾಡಿ ಓಡುತ್ತೆ. ಹಳೇ ಜೀಪಿನಲ್ಲಿ ಮೂತಿ ಉಕ್ಕಿನ ತಗಡಿನದು, ಮುಂದಿನ ಅರ್ಧ ಗಾಡಿಯೇ ಅದರ ಮೇಲೆ ನಿಂತಿದೆ. ರೇಡಿಯೇಟರ್ ಅದಕ್ಕೆ ಬೋಲ್ಟ್ ಆಗಿರುತ್ತೆ. ಎರಡೂ ಹೆಡ್‌ಲೈಟ್ ಅದರೊಳಗೆ. ಎರಡೂ ಮಡ್‌ಗಾರ್ಡಿನ ಮುಂತುದಿ ಅದಕ್ಕೇ ಬಿಗಿದಿರುತ್ತೆ. ಬಾನೆಟ್ ಮುಚ್ಚಿದಾಗ ತಲೆಯಿಡೋದು ಅದರ ಮೇಲೆ. ಕೆಳಗೆ ಚಾಸಿಯ ಅಡ್ಡಪಟ್ಟಿಯ ಮೇಲೆ ರಬ್ಬರ್ ಬುಷ್ ಇಟ್ಟು ಅದನ್ನು ಕೂರಿಸಿರುತ್ತಾರೆ. ಮೇಲಿನಿಂದ ಸರಳು ಹಿಂದಿನ ತಗಡಿನ ಗೋಡೆಯವರೆಗೆ ಹೋಗಿ ಎಳೆದು ಹಿಡಿದಿರುತ್ತೆ.

ಹಾಗಾಗಿ ಮೊದಲು ಕೂಲೆಂಟ್ ಇಳಿಸಬೇಕು, ಹೋಸ್ ಬಿಚ್ಚಬೇಕು, ವೈರ್‌ಗಳಿಗೆ ಚೀಟಿ ಅಂಟಿಸಿ ಎಳೆಯಬೇಕು. ಚೀಟಿ ಅಂಟಿಸದೆ ಎಳೆದರೆ ಆಮೇಲೆ ಎಡಕ್ಕೆ ಇಂಡಿಕೇಟರ್ ಹಾಕಿದಾಗ ಹಾರ್ನ್ ಹೊಡೆಯುತ್ತೆ. ಕೆಳಗಿನ ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿಬಿಟ್ಟಿದ್ದವು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆ. ಬೆಳಿಗ್ಗೆ ಒಂದು ಬಿಟ್ಟುಕೊಂಡಿತು. ಇನ್ನೊಂದು ಸ್ಪ್ಯಾನರ್ ಹಾಕಿದ ಕೂಡಲೇ ಕಡ್ಲೆಮಿಠಾಯಿ ಮುರಿದ ಹಾಗೆ ಲಟಕ್ ಅಂತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಅರ್ಧ ದಿನ ಹೋಯಿತು. ರಬ್ಬರ್ ಬುಷ್ ಅನ್ನುವುದು ಉಳಿದೇ ಇರಲಿಲ್ಲ. ಹಳೇ ಲಾರಿ ಟಯರಿನ ತುಂಡು ಕತ್ತರಿಸಿ ಹೊಸದು ಮಾಡಿಕೊಂಡೆ.

ಆ ಎಣ್ಣೆ ಇಳಿಯಲು ಕಾದ ರಾತ್ರಿ ಈ ಮೂತಿಯ ಚರಿತ್ರೆ ಓದುತ್ತಾ ಕೂತಿದ್ದೆ. ಸೀಳು ಸೀಳಿನ ಈ ಮುಖ ವಿಲ್ಲಿಸ್ ಕಂಪನಿಯದು ಅಂತ ನಾನು ನಂಬಿದ್ದೆ. ಅಲ್ವಂತೆ. 1940ರಲ್ಲಿ ಅಮೆರಿಕದ ಸೇನೆಗೆ ಮೊದಲ ಮಾದರಿ ಮಾಡಿಕೊಟ್ಟಿದ್ದು ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ. ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್‌ಗೆ. 1941ರ ಕೊನೆಗೆ ಬಂದ ಮೊದಲ ವಿಲ್ಲಿಸ್ ಎಂಬಿ ಗಾಡಿಗಳ ಗ್ರಿಲ್ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ವೆಲ್ಡ್ ಮಾಡಿದ್ದು, ನಮ್ಮ ಕಾಂಪೌಂಡ್ ಗೇಟಿನ ಹಾಗೆ. ಅದೇ ಜೀಪನ್ನು ಮಾಡಿಕೊಡಲು ಸೇನೆ ಫೋರ್ಡ್ ಕಂಪನಿಗೂ ಹೇಳಿತು. ಫೋರ್ಡಿನವರು ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಒಂಬತ್ತು ಸೀಳು ಬಿಟ್ಟರು. ಹಗುರ, ಅಗ್ಗ, ವೆಲ್ಡಿಂಗ್ ಕೆಲಸವೂ ಇಲ್ಲ. 1942ರಲ್ಲಿ ವಿಲ್ಲಿಸ್‌ನವರೂ ಅದನ್ನೇ ಹಾಕಿದರು. ಯುದ್ಧ ಮುಗಿದ ಮೇಲೆ 1945ರಲ್ಲಿ ಜನಸಾಮಾನ್ಯರಿಗೆ ಅಂತ ಸಿಜೆ2ಎ ಬಂತು. ಅದರ ಹೆಡ್‌ಲೈಟ್ ದೊಡ್ಡದು. ಒಂಬತ್ತು ಸೀಳಿಗೆ ಜಾಗ ಸಾಲದೆ ಏಳಾಯಿತು. ಈಗ ಜಗತ್ತೇ ಗುರುತಿಸುವ ‘ಏಳು’ ಹುಟ್ಟಿದ್ದು ಹೀಗೆ, ದೀಪಕ್ಕೆ ಜಾಗ ಬಿಡಲು.

ನಮ್ಮ ಸಿಜೆ3ಬಿಯ ಮೂತಿ ಉದ್ದ. 1953ರಲ್ಲಿ ಬಂದ ಆ ಮಾದರಿಗೆ ಹಾಕಿದ ಹರಿಕೇನ್ ಇಂಜಿನ್ ಎತ್ತರದ್ದಾಗಿತ್ತು, ಬಾನೆಟ್ ಮುಚ್ಚುತ್ತಿರಲಿಲ್ಲ. ಬಾನೆಟ್ ಎತ್ತಿದರು, ಜೊತೆಗೆ ಗ್ರಿಲ್ಲೂ ಎತ್ತರವಾಯಿತು. ಅಮೆರಿಕದವರು ಇದನ್ನು ನೋಡಿ ಮೂಗು ಮುರಿದರೂ ನಮ್ಮಲ್ಲಿ ಮಹೀಂದ್ರಾದವರು ಅದೇ ಮುಖವನ್ನು ದಶಕಗಟ್ಟಲೆ ಮಾಡಿದರು. ಕೊಡಚಾದ್ರಿ ಹತ್ತುವ ಜೀಪು, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಜೀಪು ನೋಡಿ. ಆ ಮುಖದ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸಾಲಾಗಿ ನಿಂತಿರುತ್ತವೆ.

ಒಂದು ಮುಖಕ್ಕಾಗಿ ಕೋರ್ಟು ಕಚೇರಿಯೂ ಆಗಿದೆ. 2002ರಲ್ಲಿ ಹಮ್ಮರ್ ಗಾಡಿಯ ಏಳು ಸೀಳಿನ ಬಗ್ಗೆ ಜಗಳವಾಗಿ ಜೀಪಿನವರು ಸೋತರು. 2018ರಲ್ಲಿ ಮಹೀಂದ್ರಾದವರು ಅಮೆರಿಕದಲ್ಲಿ ರಾಕ್ಸರ್ ಅನ್ನುವ ಜೀಪಿನಂಥ ಗಾಡಿ ಬಿಟ್ಟಾಗ ಮತ್ತೆ ದೂರು. 2020ರಲ್ಲಿ ತೀರ್ಪು ಮಹೀಂದ್ರಾಕ್ಕೆ ವಿರುದ್ಧ ಬಂತು. ಅವರು ಗಾಡಿಯ ಮುಖ ಬದಲಿಸಿದ ಮೇಲೆ, ಅದೇ ವರ್ಷದ ಕೊನೆಗೆ, ತೀರ್ಪು ಕೊಟ್ಟವರೇ ಮಾರಬಹುದು ಅಂದರು. ಲೈಸೆನ್ಸ್ ಕೊಟ್ಟು ಕಲಿಸಿದ ಮುಖವನ್ನೇ ಎಪ್ಪತ್ತು ವರ್ಷದ ಮೇಲೆ ನಮ್ಮದು ಅಂತ ವಾಪಸ್ ಕೇಳಿದ್ದು. ನನಗೆ ಅದು ಸಣ್ಣತನ ಅಂತಲೇ ಅನಿಸಿತು. ಇರಲಿ.

ಮೂತಿ ಬಿಚ್ಚಿ ಕಾಫಿ ಕಣದಲ್ಲಿ ಎರಡು ಕಲ್ಲಿನ ಮೇಲೆ ಮಲಗಿಸಿದೆ. ಪೇಂಟ್ ರಿಮೂವರ್ ಹಚ್ಚಿದೆ. ಹತ್ತು ನಿಮಿಷಕ್ಕೆ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತೆ, ಆಗ ಚಪ್ಪಟೆ ಉಳಿಯಲ್ಲಿ ಎತ್ತಬೇಕು. ಗ್ಲೌಸ್ ಹಾಕಿಕೊಳ್ಳಿ, ಬೆರಳಿಗೆ ತಾಗಿದರೆ ಮೆಣಸಿನಕಾಯಿ ಉರಿ. ಕಪ್ಪು ಎದ್ದಿತು. ಅದರ ಕೆಳಗೆ ಇನ್ನೊಂದು ಕಪ್ಪು. ಅದರ ಕೆಳಗೆ ಮತ್ತೊಂದು. ಆಮೇಲೆ ಅಚಾನಕ್ಕಾಗಿ ನೀಲಿ. ಚೆಂದದ ತಿಳಿ ನೀಲಿ. ನೀಲಿಯ ಕೆಳಗೆ ರೆಡ್ ಆಕ್ಸೈಡ್, ಆಮೇಲೆ ಉಕ್ಕು.

ನನಗೆ ಕುತೂಹಲವಾಯಿತು. ಹೋಗಿ ಜೀಪಿನ ಮೈಯಲ್ಲಿ, ಬಾನೆಟ್ ಕೆಳಗೆ ಕಾಣದ ಜಾಗದಲ್ಲಿ ಒಂದು ಚೂರು ಕೆರೆದೆ. ಕೆಂಪು, ಅದರ ಕೆಳಗೆ ಮಾಸಲು ಹಸಿರು. ಮಿಲಿಟರಿ ಹಸಿರು. ಅಪ್ಪನ ಮೊದಲ ಮಾತು ನಿಜ. ಆದರೆ ಮೂತಿಯಲ್ಲಿ ಹಸಿರು ಎಲ್ಲೂ ಇಲ್ಲ. ಅಂದರೆ ಈ ಮೂತಿ ಈ ಜೀಪಿನದಲ್ಲ.

ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೇಳಿದೆ. “ಮಿಲಿಟರಿಯೋರು ಯಾವ್ದೋ ಹಾಕಿರ್ತಾರೆ ಬಿಡು” ಅಂದರು. ಅಷ್ಟರಲ್ಲಿ ಅಮ್ಮ ಕಾಫಿ ತಂದರು. ಕಲ್ಲಿನ ಮೇಲೆ ಮಲಗಿದ್ದ ಮೂತಿ ನೋಡಿ, “ಓ, ಆ ನೀಲಿ ಇನ್ನೂ ಇದೆಯಾ” ಅಂದುಬಿಟ್ಟರು.

ಅಪ್ಪನಿಗೆ ಆ ಕ್ಷಣವೇ ಮೇಲಿನ ತೋಟದ ಮೆಣಸು ನೋಡುವ ಕೆಲಸ ನೆನಪಾಯಿತು. ಕಾಫಿ ಲೋಟ ಕೈಯಲ್ಲೇ ಹಿಡಿದುಕೊಂಡು ಹೋದರು.

ಅಮ್ಮ ಹೇಳಿದ್ದು ಇಷ್ಟು. ನನಗಾಗ ಮೂರು ವರ್ಷ. ಅಪ್ಪ ಅಮ್ಮನಿಗೆ ಜೀಪು ಕಲಿಸುತ್ತಿದ್ದರು. ತೋಟದೊಳಗೇ, ಸಂಜೆ ಹೊತ್ತು, ಅಜ್ಜ ಒಳಗಿದ್ದಾಗ. ಎರಡು ವಾರಕ್ಕೆ ಗೇರು ಹಿಡಿತಕ್ಕೆ ಬಂದಿತ್ತು. ಒಂದು ದಿನ ಅಪ್ಪ ಇಳಿದು, “ಪಲ್ಪರ್ ಮನೆವರೆಗೆ ಒಬ್ಬಳೇ ಹೋಗಿ ಬಾ” ಅಂದರು. ಹೋದದ್ದು ಸರಿಯಾಗಿಯೇ. ವಾಪಸ್ ಬರುವಾಗ ತಿರುವಿನಲ್ಲಿ ನಾಯಿ ಅಡ್ಡ ಬಂತು. ಜೀಪು ಸಿಲ್ವರ್ ಓಕ್ ಮರಕ್ಕೆ ಹೋಗಿ ನಿಂತಿತು. ರೇಡಿಯೇಟರ್ ನೀರೆಲ್ಲ ನೆಲಕ್ಕೆ. ಅಜ್ಜನಿಗೆ ಗೊತ್ತಾಗಬಾರದು ಅಂತ ಅಪ್ಪ ಹಾಸನದ ಗುಜರಿಯಲ್ಲಿ ಸಿಕ್ಕ ನೀಲಿ ಮೂತಿ ತಂದರು. ಕೆಂಪು ಬಣ್ಣ ಸಿಗಲಿಲ್ಲ. ಗೇಟಿಗೆ ತಂದಿದ್ದ ಕಪ್ಪು ಎನಾಮೆಲ್ ಮನೆಯಲ್ಲಿತ್ತು. ರಾತ್ರೋರಾತ್ರಿ ಬ್ರಷ್ಷಿನಲ್ಲಿ ಬಳಿದರು. ಬೆಳಿಗ್ಗೆ ಅಜ್ಜ ಕೇಳಿದ್ದಕ್ಕೆ ಹುಟ್ಟಿದ ಉತ್ತರವೇ ‘ಕಪ್ಪಿದ್ರೆ ಗತ್ತು’.

“ಅಜ್ಜನಿಗೆ ಗೊತ್ತಾಗ್ಲೇ ಇಲ್ವಾ?”

“ಗೊತ್ತಾಗ್ದೆ ಇರುತ್ತಾ? ಮಾವಯ್ಯ ಮಾರನೇ ದಿನ ಆ ಮರದ ಗಾಯಕ್ಕೆ ಸಗಣಿ ಮೆತ್ತಿಸಿದ್ರು. ನನ್ನ ಹತ್ರ ಏನೂ ಅನ್ಲಿಲ್ಲ. ಯಾರೂ ಏನೂ ಅನ್ಲಿಲ್ಲ. ಅದಕ್ಕೇ ನಾನು ಮತ್ತೆ ಹತ್ಲಿಲ್ಲ.”

ಕೊನೆಯ ವಾಕ್ಯ ನನಗೆ ತಕ್ಷಣ ಅರ್ಥವಾಗಲಿಲ್ಲ. ಬೈದಿದ್ದರೆ ಜಗಳವಾಡಿ ಮತ್ತೆ ಹತ್ತುತ್ತಿದ್ದರೇನೋ. ಸಂಜೆ ಹೋಗಿ ಆ ಮರ ಹುಡುಕಿದೆ. ಸೊಂಟದೆತ್ತರದಲ್ಲಿ ತೊಗಟೆ ಉಬ್ಬಿಕೊಂಡಿದೆ, ಮೆಣಸಿನ ಬಳ್ಳಿ ಸರಿಸಿದರೆ ಮಾತ್ರ ಕಾಣುತ್ತೆ.

ಬಣ್ಣ ಯಾವುದು ಅನ್ನೋ ಪ್ರಶ್ನೆ ಈಗ ಬೇರೆಯೇ ಆಯಿತು. ನಾನು ಮೈಗೆ ಹೊಂದುವ ಕೆಂಪು ಅಂದುಕೊಂಡಿದ್ದೆ. ಅಮ್ಮನನ್ನು ಕೇಳಿದೆ. “ಕಪ್ಪೇ ಇರ್ಲಿ, ಅಭ್ಯಾಸ ಆಗಿದೆ” ಅಂದರು.

ಪೇಂಟಿಂಗ್ ಕೆಲಸಕ್ಕೆ ಪೇಟೆಯ ಒಬ್ಬ ಹಿರಿಯ ಪೇಂಟರ್ ಬಂದರು. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಕಾಕಾ ಅಂದೆ. ಮೊದಲು ಪೌಡರ್ ಕೋಟಿಂಗ್ ಮಾಡಿಸುವ ಯೋಚನೆಯಿತ್ತು. ಗಟ್ಟಿ, ಕಲ್ಲು ಸಿಡಿದರೂ ಏಳುವುದಿಲ್ಲ. ಆದರೆ ಅದನ್ನು 180–200 ಡಿಗ್ರಿ ಬಿಸಿಯಲ್ಲಿ ಬೇಯಿಸುತ್ತಾರೆ, ಸಾಮಾನ್ಯ ಪುಟ್ಟಿ ಆ ಬಿಸಿ ತಡೆಯುವುದಿಲ್ಲ. ನಮ್ಮ ಮೂತಿಯಲ್ಲಿ ಪುಟ್ಟಿ ಇಲ್ಲದೆ ಆಗುವ ಮಾತೇ ಇರಲಿಲ್ಲ. ತುಕ್ಕು ತಿಂದ ಮೂಲೆಗೆ ಹೊಸ ತಗಡು ಕತ್ತರಿಸಿ ವೆಲ್ಡ್ ಮಾಡಿದೆವು. ಉಬ್ಬುತಗ್ಗನ್ನು ಪುಟ್ಟಿಯಲ್ಲಿ ತುಂಬಿದೆವು. ಮನೆಯಲ್ಲಿ ನನ್ನನ್ನು ಕರೆಯೋದೂ ಪುಟ್ಟಿ ಅಂತಲೇ. “ಪುಟ್ಟಿ ಒಣಗಿತಾ?”, “ಪುಟ್ಟಿ ಜಾಸ್ತಿ ಆಯ್ತು, ಉಜ್ಜಿ ಇಳಿಸಬೇಕು” ಅಂತ ಕಾಕಾ ಕೂಗಿದಾಗಲೆಲ್ಲ ಅಪ್ಪ ಜಗಲಿಯಿಂದ ನಗುತ್ತಿದ್ದರು.

ಉಜ್ಜುವ ಕೆಲಸ ನನ್ನದು. 80 ನಂಬರಿನ ಕಾಗದದಿಂದ ಶುರು, ಆಮೇಲೆ 220, ಪ್ರೈಮರ್ ಮೇಲೆ 400ರ ವಾಟರ್ ಪೇಪರ್, ಕೊನೆಗೆ 600. ಬಯಲು ಜಾಗ ಸುಲಭ. ಸೀಳುಗಳ ಒಳ ಅಂಚು ಪ್ರಾಣ ತೆಗೆಯುತ್ತೆ. ಬೆರಳಿಗೆ ಕಾಗದ ಸುತ್ತಿ ಒಂದೊಂದು ಸೀಳಿನ ಒಳಗೂ ಮೇಲೆ ಕೆಳಗೆ ಆಡಿಸಬೇಕು. ತುಕ್ಕು ಮೊದಲು ಕೂರೋದು ಅಲ್ಲೇ. ಬಣ್ಣ ಅಂಚಿನಲ್ಲಿ ತೆಳುವಾಗುತ್ತೆ, ಕಲ್ಲು ತಾಗೋದೂ ಅಂಚಿಗೇ. ಅಲ್ಲಿ ಸೋಮಾರಿತನ ಮಾಡಿದರೆ ಎರಡು ಮಳೆಗಾಲ ದಾಟೋದಿಲ್ಲ.

ಪಿಯು (ಪಾಲಿಯುರೆಥೇನ್) ಪೇಂಟ್ ಗಟ್ಟಿ ಅಂತ ನನಗೂ ಗೊತ್ತಿತ್ತು. ಆದರೆ ಅದರ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನೋ ಶ್ವಾಸಕೋಶಕ್ಕೆ ಕೆಟ್ಟ ರಾಸಾಯನಿಕ ಇರುತ್ತೆ, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವಂಥದ್ದಲ್ಲ. ಕಾಕಾ ಬಟ್ಟೆ ಬಿಟ್ಟು ಬೇರೆ ಮಾಸ್ಕ್ ಹಾಕುವವರಲ್ಲ. ಹಾಗಾಗಿ ಎಪಾಕ್ಸಿ ಪ್ರೈಮರ್ ನಾನೇ ಸರಿಯಾದ ಮಾಸ್ಕ್ ಹಾಕಿಕೊಂಡು ಬ್ರಷ್ಷಿನಲ್ಲಿ ಹಚ್ಚಿದೆ. ಮೇಲಿನ ಕಪ್ಪಿಗೆ ಅವರ ಕೈ ಪಳಗಿದ, ಥಿನ್ನರ್ ಆರಿದರೆ ಒಣಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟೇ ಇರಲಿ ಅಂದೆ.

ಆ ದಿನ ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೂರು ಕೈ ಹೊಡೆಯುವುದು ಅಂತ ಲೆಕ್ಕ. ಎರಡು ಚೆನ್ನಾಗಿ ಕೂತವು. ಮಧ್ಯಾಹ್ನ ಮೂರಕ್ಕೆ ಚಾರ್ಮಾಡಿ ಕಡೆಯಿಂದ ಮೋಡ ಬಂತು. ಮೂರನೇ ಕೈ ಮುಗಿಸಿ ಶೆಡ್ಡಿನೊಳಗೆ ಎಳೆದುಕೊಳ್ಳುವಷ್ಟರಲ್ಲಿ ಮಳೆ. ಹೂಮಳೆ! ಕಾಫಿ ಹೂ ಅರಳಿಸುವ ಮಳೆ. ರೊಬಸ್ಟಾ ಕಾಫಿ ಬೆಳೆಯುವವರಿಗೆ ಫೆಬ್ರವರಿ ಮಾರ್ಚಿನ ಆ ಒಂದು ಮಳೆಯ ಬೆಲೆ ಏನು ಅಂತ ಗೊತ್ತು. ಅಪ್ಪ ಅಂಗಳದಲ್ಲಿ ನೆನೆಯುತ್ತಾ ನಿಂತಿದ್ದರು. ನಾನು ಶೆಡ್ಡಿನಲ್ಲಿ ಕಪ್ಪು ಬಣ್ಣ ಬೆಳ್ಳಗಾಗುವುದನ್ನು ನೋಡುತ್ತಾ ನಿಂತಿದ್ದೆ.

ನಿಜವಾಗಿಯೂ ಬೆಳ್ಳಗಾಗುತ್ತೆ. ಥಿನ್ನರ್ ಬೇಗ ಆರುವಾಗ ಲೋಹದ ಮೇಲ್ಮೈ ತಣ್ಣಗಾಗುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಬಣ್ಣದ ಮೇಲೇ ಹನಿಗಟ್ಟಿ ಒಳಗೆ ಸಿಕ್ಕಿಕೊಳ್ಳುತ್ತೆ. ಕಪ್ಪು ಮೂತಿ ಬೂದಿ ಬಳಿದ ಹಾಗಾಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಅಪ್ಪ ಒದ್ದೆ ತಲೆಯಲ್ಲಿ ಒಳಗೆ ಬಂದು, “ಒಂದು ಇಂಚು ಇಪ್ಪತ್ತು ಸೆಂಟು!” ಅಂದರು. ಮಳೆಯ ಅಳತೆಯಲ್ಲಿ ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಮೂತಿ ನೋಡಿದರು. “ಹೋಗ್ಲಿ ಬಿಡು, ಇನ್ನೊಂದ್ಸಲ ಹೊಡ್ಸಿದ್ರಾಯ್ತು” ಅಂದರು. ಆ ಮಳೆಗೆ ಅವರು ಜೀಪನ್ನೇ ಕೊಡಲೂ ತಯಾರಿದ್ದರು.

ಕಾಕಾ ಮಾತ್ರ ಗಾಬರಿಯಾಗಲಿಲ್ಲ. “ಅಮ್ಮ, ನಾಳೆ ಬಿಸ್ಲು ಬರ್ಲಿ” ಅಂದರು. ಮಾರನೇ ದಿನ ನಿಧಾನ ಆರುವ ರಿಟಾರ್ಡರ್ ಥಿನ್ನರ್ ತಂದು ಮಂಜಿನ ಹಾಗೆ ಒಂದು ಕೈ ಹೊಡೆದರು. ಮೇಲಿನ ಪದರ ಮೆತ್ತಗಾಗಿ ಸಿಕ್ಕಿಕೊಂಡಿದ್ದ ತೇವ ಹೊರಗೆ ಹೋಯಿತು, ಕಪ್ಪು ವಾಪಸ್ ಬಂತು. ಎಡ ದೀಪದ ಕೆಳಗೆ ಒಂದು ರೂಪಾಯಿಯಗಲ ಮಾತ್ರ ಸ್ವಲ್ಪ ಮಂಕಾಗಿ ಉಳಿದಿದೆ. ಉಳಿಯಲಿ ಅಂದೆ.

ಇನ್ನು ಅಪ್‌ಗ್ರೇಡ್ ಅನ್ನೋದರ ಕಥೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ಟೀಲಿನ ಜಾಲರಿ ತರಿಸಿದ್ದೆ, ಜೇನುಗೂಡಿನ ಕಣ್ಣಿನದು. ಎಲೆ, ಹುಲ್ಲಿನ ಬೀಜ ರೇಡಿಯೇಟರಿಗೆ ಹೋಗದಿರಲಿ ಅಂತ ಸೀಳುಗಳ ಹಿಂದೆ ಹಾಕಿದೆ. ನೋಡಲು ಬಹಳ ಚೆನ್ನಾಗಿತ್ತು. ಉಜಿರೆಗೆ ಹೋಗಿ ಚಾರ್ಮಾಡಿ ಘಾಟಿ ಹತ್ತಿ ವಾಪಸ್ ಬರುವಾಗ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಎಂದೂ ಏರದ ಕಡೆ ಏರಿತು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಇಂಜಿನ್ ಕಷ್ಟಪಡುತ್ತೆ, ಎದುರು ಗಾಳಿಯೂ ಕಮ್ಮಿ. ಇರುವ ಗಾಳಿಗೂ ಜಾಲರಿ ಅಡ್ಡ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಇಂಜಿನ್ ತಣಿದ ಮೇಲೆ ಮನೆಗೆ ಬಂದು ಜಾಲರಿ ಬಿಚ್ಚಿಹಾಕಿದೆ. ಈಗ ಅದು ಕೋಳಿಗೂಡಿನ ಬಾಗಿಲು. ಎಲೆ ಕಸವನ್ನು ತಿಂಗಳಿಗೊಮ್ಮೆ ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಊದಿ ತೆಗೆದರೆ ಸಾಕು.

ಬುಲ್ ಬಾರು, ಸಾಲು ಎಲ್‌ಇಡಿ ದೀಪ ಇವೆಲ್ಲ ಬೇಡವೆಂದೆ. 2017ರ ಕೊನೆಗೇ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ರಾಜ್ಯಗಳಿಗೆ ಬರೆದಿದೆ. ಕಂಪನಿ ಮಾಡಿದ ಮೂಲ ರೂಪ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕಾನೂನು ಬಿಡಿ, ಎದುರಿನವರ ಕಣ್ಣು ಕುರುಡು ಮಾಡಿ ನಾವು ದಾರಿ ನೋಡುವುದು ಘಾಟಿಯಲ್ಲಿ ಯಾರಿಗೂ ಒಳ್ಳೆಯದಲ್ಲ.

ಮಾಡಿದ ಒಂದೇ ಅಪ್‌ಗ್ರೇಡ್ ಅಂದರೆ ರಿಲೇ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು. ಹಳೇ ಜೀಪಿನಲ್ಲಿ ಎರಡೂ ಹೆಡ್‌ಲೈಟಿನ ಕರೆಂಟ್ ಡ್ಯಾಶಿನ ಸ್ವಿಚ್ಚು, ಕಾಲಿನ ಡಿಪ್ ಸ್ವಿಚ್ಚು ಎಲ್ಲ ಸುತ್ತಿಕೊಂಡು ಸಣ್ಣ ವೈರಿನಲ್ಲಿ ಮುಂದೆ ಬರುತ್ತೆ. ಮೀಟರ್ ಹಿಡಿದರೆ ಬಲ್ಬಿನ ಹತ್ತಿರ 10.8 ವೋಲ್ಟ್. ಒಂದು ವೋಲ್ಟ್ ಕಮ್ಮಿಯಾದರೆ ಬೆಳಕು ಸುಮಾರು ಕಾಲು ಭಾಗ ಹೋಗುತ್ತೆ. ರಿಲೇ ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದೆ. ಬಲ್ಬು ಅದೇ 60/55 ವ್ಯಾಟಿನದು.

ಎಲ್ಲ ಜೋಡಿಸಿ ರಾತ್ರಿ ಸ್ವಿಚ್ ಹಾಕಿದರೆ ಬೆಳಕು ಮೊದಲಿಗಿಂತ ಮಂಕು! ಎಡಗಡೆಯದು ಮಿಣುಕು ಹುಳ. ಒಂದು ಗಂಟೆ ವೈರ್ ಎಲ್ಲ ಹುಡುಕಿದೆ. ಆಮೇಲೆ ಹೊಳೆಯಿತು. ದೀಪದ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಹೋಗೋದು ಮೂತಿಯ ಉಕ್ಕಿನ ಮೂಲಕ. ನಾವು ಅಷ್ಟು ಪ್ರೀತಿಯಿಂದ ಸಂದು ಬಿಡದೆ ಬಣ್ಣ ಹೊಡೆದಿದ್ದೆವಲ್ಲ, ಕರೆಂಟಿಗೆ ದಾರಿಯೇ ಇರಲಿಲ್ಲ. ಅರ್ತ್ ಬೋಲ್ಟಿನ ಸುತ್ತ ನಾಲ್ಕಾಣೆಯಗಲ ಬಣ್ಣ ಕೆರೆದೆ. ಬಿಳಿ ಉಕ್ಕು ಕಾಣುವವರೆಗೆ. ಗ್ರೀಸ್ ಸವರಿ ಬಿಗಿದೆ.

ಆಮೇಲೆ ಫೋಕಸ್ ಹೊಂದಿಸುವ ಕೆಲಸ. ಜೀಪನ್ನು ಗೋದಾಮಿನ ಗೋಡೆಯಿಂದ ಇಪ್ಪತ್ತೈದು ಅಡಿ ದೂರ ನಿಲ್ಲಿಸಿ, ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದೆ. ಸ್ಕ್ರೂ ತಿರುಗಿಸಲು ನಾನು ಮುಂದೆ ಇರಬೇಕು, ಒಳಗೆ ಕೂತು ಹೈ–ಡಿಪ್ ಬದಲಿಸಲು ಇನ್ನೊಬ್ಬರು ಬೇಕು. ಅಪ್ಪ ಮಲಗಿದ್ದರು. ಅಮ್ಮನನ್ನು ಕರೆದೆ. ಸೀರೆ ಎತ್ತಿಕೊಂಡು ಹತ್ತಿ ಸ್ಟೇರಿಂಗ್ ಹಿಂದೆ ಕೂತರು.

“ಅಮ್ಮ, ಡಿಪ್ ಸ್ವಿಚ್ ಕೈಯಲ್ಲಿ ಇಲ್ಲ. ಕೆಳಗೆ, ಕ್ಲಚ್ಚಿನ ಎಡಕ್ಕೆ ಒಂದು ಗುಬುಟು ಥರ…” ಅನ್ನುವಷ್ಟರಲ್ಲಿ ಟಕ್ ಅಂದಿತು. ಗೋಡೆಯ ಮೇಲಿನ ಬೆಳಕು ಗೆರೆಯ ಕೆಳಗಿಳಿದಿತ್ತು.

“ಎಡದ್ದು ಇನ್ನೂ ಮೇಲಿದೆ” ಅಂದರು ಅಮ್ಮ.